ಮನ್ಯದ ಶಾಂತಿ: ಮುಗಿಯದ ಅಧ್ಯಾಯ

ವಿಶಾಖಪಟ್ಟಣದಿಂದ ಕಿರಂದುಲಿಗೆ ಹೋಗುವ ರೈಲು ಸುರಂಗಗಳನ್ನು ದಾಟಿ ಬೊರ್ರಾ ಗುಹೆಗಳ ನಿಲ್ದಾಣದಲ್ಲಿ ನಿಂತಾಗ ಪ್ರವಾಸಿಗರು ಇಳಿಯುತ್ತಾರೆ. ಉದ್ಯೋಗನಿಮಿತ್ತ ಈ ಊರಿಗೆ ಬಂದ ನಾನೂ ಮೊದಲ ಸಲ ಹಾಗೆಯೇ ಇಳಿದಿದ್ದೆ. ಬಂಡಾಯಗಳ ಚರಿತ್ರೆಯಲ್ಲಿ ಈ ಬೆಟ್ಟಗಳಿಗೆ ಎಂಥ ಸ್ಥಾನವಿದೆ ಎಂಬ ಅರಿವು ಆಗ ನನಗಿರಲಿಲ್ಲ.

ಇಲ್ಲಿನವರು ಈ ಬೆಟ್ಟಸೀಮೆಯನ್ನು ‘ಮನ್ಯಂ’ ಎನ್ನುತ್ತಾರೆ. 1882ರ ಮದ್ರಾಸ್ ಅರಣ್ಯ ಕಾಯ್ದೆ ಗಿರಿಜನರ ‘ಪೋಡು’ ಬೇಸಾಯಕ್ಕೆ ಅಡ್ಡಿಯಾಯಿತು. ಅದು ನಮ್ಮ ಮಲೆನಾಡಿನ ‘ಕುಮರಿ’ಯಂಥದೇ ಕೃಷಿಪದ್ಧತಿ. 1922ರ ಆಗಸ್ಟ್‌ನಲ್ಲಿ ಅಲ್ಲೂರಿ ಸೀತಾರಾಮರಾಜು ಚಿಂತಪಲ್ಲಿ ಠಾಣೆಯ ಶಸ್ತ್ರಗಳನ್ನು ವಶಪಡಿಸಿಕೊಂಡರು. 1924ರ ಮೇ 7ರಂದು ಕೊಯ್ಯೂರಿನಲ್ಲಿ ಗುಂಡಿಗೆ ಬಲಿಯಾದರು. ಬಂಡಾಯ ಅಡಗಿತು, ಭೂಮಿಯ ಪ್ರಶ್ನೆ ಅಡಗಲಿಲ್ಲ.

ಅರ್ಧ ಶತಮಾನದ ನಂತರ ಅದೇ ಪ್ರಶ್ನೆ ಶ್ರೀಕಾಕುಳದಲ್ಲಿ ಮತ್ತೆ ಹೊತ್ತಿಕೊಂಡಿತು. ಅಲ್ಲಿನ ಮುಂದಾಳುಗಳಾದ ವೆಂಪಟಾಪು ಸತ್ಯನಾರಾಯಣ ಮತ್ತು ಆದಿಭಟ್ಲ ಕೈಲಾಸಂ ಇಬ್ಬರೂ ಶಾಲಾ ಮಾಸ್ತರರು. 1970ರ ಜುಲೈನಲ್ಲಿ ಅವರು ಹತರಾದರು. ಅದೇ ವರ್ಷ, ಗಿರಿಜನ ಪ್ರದೇಶದ ಜಮೀನು ಗಿರಿಜನೇತರರ ಕೈಸೇರದಂತೆ ತಡೆಯುವ ‘1/70’ ನಿಯಮ ಜಾರಿಗೆ ಬಂದಿತ್ತು. ಇದೇ ನಿಯಮದ ಆಧಾರದ ಮೇಲೆ ಬೊರ್ರಾ ಸುತ್ತಲಿನ ಖಾಸಗಿ ಗಣಿ ಗುತ್ತಿಗೆಗಳನ್ನು 1997ರ ಸಮತಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಸಿಂಧುಗೊಳಿಸಿತು. ಕೋವಿಯಿಂದ ದಕ್ಕದ ರಕ್ಷಣೆ ಕಾನೂನಿನಿಂದ ದಕ್ಕಿತೆನ್ನಬಹುದು. ಆದರೆ ಕೋವಿಯ ಸದ್ದು ಕೇಳುವವರೆಗೆ ಆ ಕಾನೂನಿಗೆ ಹಲ್ಲು ಬಂದಿರಲಿಲ್ಲ ಎಂಬುದನ್ನೂ ಮರೆಯಲಾಗದು.

ಶಾಂತಿಗೆ ಒಂದು ನಿಜವಾದ ಅವಕಾಶ ಒದಗಿದ್ದು 2004ರಲ್ಲಿ. ಅಕ್ಟೋಬರ್ 15ರಿಂದ 18ರವರೆಗೆ ಹೈದರಾಬಾದಿನಲ್ಲಿ ಸರ್ಕಾರವೂ ನಕ್ಸಲೀಯ ನಾಯಕರೂ ಎದುರುಬದುರು ಕುಳಿತರು. ಈ ದಾರಿಯನ್ನು ವರ್ಷಗಳಿಂದ ಹದಗೊಳಿಸಿದವರು ನಿವೃತ್ತ ಐಎಎಸ್ ಅಧಿಕಾರಿ ಎಸ್. ಆರ್. ಶಂಕರನ್. 1987ರಲ್ಲಿ ಪೂರ್ವ ಗೋದಾವರಿಯ ಕಾಡಿನಲ್ಲಿ ನಕ್ಸಲೀಯರು ಅಪಹರಿಸಿದ್ದ ಅಧಿಕಾರಿಗಳಲ್ಲಿ ಅವರೂ ಒಬ್ಬರು! ಸರ್ಕಾರಿ ನೌಕರನಾದ ನನಗೆ ಈ ಒಂದು ಸಂಗತಿ ಇಡೀ ಚರಿತ್ರೆಗಿಂತ ದೊಡ್ಡದಾಗಿ ಕಾಣುತ್ತದೆ.

ಮಾತುಕತೆ ಎರಡನೆಯ ಸುತ್ತನ್ನು ಕಾಣಲಿಲ್ಲ. ಶಸ್ತ್ರ ಹೊತ್ತು ಹಳ್ಳಿಗಳಲ್ಲಿ ಓಡಾಡಬಹುದೇ ಎಂಬಲ್ಲಿ ಒಮ್ಮತ ಮೂಡಲಿಲ್ಲ; ಎನ್‌ಕೌಂಟರುಗಳೂ ಹತ್ಯೆಗಳೂ ಮರುಕಳಿಸಿದವು; 2005ರ ಆಗಸ್ಟ್‌ನಲ್ಲಿ ನಿಷೇಧ ಮರಳಿತು. ಉಳಿದ ಫಲವೆಂದರೆ ಕೃಷ್ಣಾ ಜಿಲ್ಲೆಯ ಕೋನೇರು ರಂಗಾರಾವ್ ನೇತೃತ್ವದ ಭೂಸಮಿತಿ. ಅದರ ವರದಿಯನ್ನು ವಿಜಯವಾಡದ ಗೆಳೆಯರು ಇಂದಿಗೂ ನೆನೆಯುತ್ತಾರೆ.

ಇದೇ ಕಾಲದ ಲೋಕದ ಅನುಭವವನ್ನು ಪಕ್ಕದಲ್ಲಿಟ್ಟು ನೋಡೋಣ. ನೇಪಾಳದಲ್ಲಿ 2006ರ ಒಪ್ಪಂದದ ಬಳಿಕ ಎರಡೂ ಪಕ್ಷಗಳ ಶಸ್ತ್ರಗಳ ಮೇಲೆ ವಿಶ್ವಸಂಸ್ಥೆ ಕಣ್ಣಿಟ್ಟಿತು. ಕೊಲಂಬಿಯಾದ 2016ರ ಒಪ್ಪಂದಕ್ಕೆ ನಾರ್ವೆ ಮತ್ತು ಕ್ಯೂಬಾ ಸಾಕ್ಷಿ ನಿಂತವು. ಅದರ ಮೊದಲ ಅಂಶವೇ ಗ್ರಾಮೀಣ ಭೂಸುಧಾರಣೆ. ಶ್ರೀಲಂಕೆಯಲ್ಲಿಯೂ ನಾರ್ವೆ ಇತ್ತು. ಆದರೂ 2002ರ ಕದನವಿರಾಮ ಯುದ್ಧದಲ್ಲೇ ಕೊನೆಗೊಂಡಿತು. ಅಂದರೆ ಮಧ್ಯಸ್ಥರಿದ್ದ ಮಾತ್ರಕ್ಕೆ ಶಾಂತಿ ಬರುವುದಿಲ್ಲ. ಆದರೆ ಕೊಟ್ಟ ಮಾತನ್ನು ಅಳೆಯುವವರಿಲ್ಲದಿದ್ದರೆ ಸಂಶಯವೇ ಗೆಲ್ಲುತ್ತದೆ. ಭಾರತ ತನ್ನ ಆಂತರಿಕ ವಿಷಯಕ್ಕೆ ಪರದೇಶದವರನ್ನು ಕರೆಯಲಾರದು. ಕರೆಯಬೇಕಾಗಿಯೂ ಇಲ್ಲ, ಶಂಕರನ್‌ರಂಥವರು ನಮ್ಮಲ್ಲೇ ಇದ್ದರಲ್ಲ!

2024ರ ನವೆಂಬರ್ 18ರಂದು ಹೆಬ್ರಿಯ ಬಳಿ ವಿಕ್ರಂ ಗೌಡ ಹತನಾದ. ಒಂದೂವರೆ ತಿಂಗಳಲ್ಲಿ, ನಾಗರಿಕರ ಮಧ್ಯಸ್ಥಿಕೆಯಿಂದ, ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಮುಂದೆ ಶರಣಾದರು. ಸರಿಯಾಗಿ ವರ್ಷ ತುಂಬಿದ ದಿನ, 2025ರ ನವೆಂಬರ್ 18ರಂದು, ಮಾರೇಡುಮಿಲ್ಲಿಯ ಕಾಡಿನಲ್ಲಿ ಮಾಡ್ವಿ ಹಿಡ್ಮಾ ಹತನಾದ; ಅಂದೇ ವಿಜಯವಾಡದ ಸುತ್ತಮುತ್ತ ಹಲವರ ಬಂಧನವಾಯಿತು. ಮಾರೇಡುಮಿಲ್ಲಿ ಆಗ ಇದ್ದ ಜಿಲ್ಲೆಗೆ 2022ರಿಂದ ಅಲ್ಲೂರಿ ಸೀತಾರಾಮರಾಜು ಎಂದೇ ಹೆಸರು.

ಜಿಲ್ಲೆಗೆ ಬಂಡಾಯಗಾರನ ಹೆಸರಿಡುವುದು ಸುಲಭ. ಅವನೆತ್ತಿದ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಬಂದೂಕು ಮೌನವಾದ ಮೇಲೆ 1/70 ನಿಯಮ ಸಡಿಲಗೊಂಡರೆ, ಆ ಮೌನವನ್ನು ಗಿರಿಜನರು ಸೋಲೆಂದೇ ಓದಿಕೊಳ್ಳುತ್ತಾರೆ. ನಿಯಮ ಕಟ್ಟುನಿಟ್ಟಾಗಿ ಉಳಿದು, ಪಟ್ಟಾ ಕಾಗದ ಬೆಟ್ಟದ ಮನೆಯನ್ನು ತಲುಪಿದರೆ, ಅದನ್ನು ಶಾಂತಿ ಎನ್ನಬಹುದು.