ಗೂಗಲ್ಲಿಗೆ ಹರಿಹರ ಕಂಡಿದ್ದು ಹೇಗೆ?

ವೆಬ್‌ಗೆ ಹೊಸದಾಗಿ ಬರೆಯೋಕೆ ಕೂತವರು ಮೊದಲು ಕೇಳೋದು ಇದನ್ನೇ: ‘ನನ್ನ ಲೇಖನ ಗೂಗಲ್‌ನಲ್ಲಿ ಬರೋ ಹಂಗೆ ಮಾಡೋದು ಹೆಂಗೆ?’ ಇದಕ್ಕೆ ಎಸ್‌ಇಒ ಅಂತ ಹೆಸರಿದೆ, ಕೋರ್ಸುಗಳಿವೆ, ಫೀಸೂ ಇದೆ. ಕನ್ನಡದಲ್ಲಿ ಬರೆಯೋರಿಗೆ ಕೋರ್ಸಿಗಿಂತ ಮೊದಲು ಒಂದು ಸಣ್ಣ ಇತಿಹಾಸ ಗೊತ್ತಿರಬೇಕು ಅನ್ನೋದು ನನ್ನ ಅನಿಸಿಕೆ.

ಹುಡುಕಾಟ ಕಂಪ್ಯೂಟರ್ ಬಂದ ಮೇಲೆ ಶುರುವಾಗಿದ್ದಲ್ಲ. ಹರಿಹರದ ಹರಿಹರೇಶ್ವರ ಗುಡಿಯನ್ನೇ ನೋಡಿ. ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಅಲ್ಲಿನ ಶಾಸನಗಳನ್ನ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಅಚ್ಚು ಹಾಕಿಸಿದರು. ಆದರೆ ಅದನ್ನ ಹುಡುಕೋ ದಾರಿ ಹೆಂಗಿದೆ ಗೊತ್ತಾ? ಮೊದಲು ಚಿತ್ರದುರ್ಗ ಜಿಲ್ಲೆಯ 11ನೇ ಸಂಪುಟ, ಅದರೊಳಗೆ ದಾವಣಗೆರೆ ತಾಲ್ಲೂಕು, ಅದರೊಳಗೆ ಶಾಸನದ ನಂಬರು. ಆಗ ಇದೆಲ್ಲ ಚಿತ್ರದುರ್ಗಕ್ಕೆ ಸೇರಿತ್ತು. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ದಾರಿ ಬಲ್ಲವರಿಗೆ ಶಾಸನ ಸಿಗುತ್ತೆ, ಉಳಿದವರಿಗೆ ಅದು ಇದ್ದೂ ಇಲ್ಲದ ಹಂಗೆ.

ಕನ್ನಡ ವೆಬ್ಬಿನ ಮೊದಲ ವರ್ಷಗಳ ಕಥೆಯೂ ಇದೇ. 1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಬಂತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವರ ಉಪಕಾರ ಸಣ್ಣದಲ್ಲ. ಆದರೆ ಆಗಿನ ಫಾಂಟುಗಳಲ್ಲಿ ಒಂದು ತೊಡಕಿತ್ತು. ಕಣ್ಣಿಗೆ ಕಾಣೋದು ಕನ್ನಡ, ಒಳಗೆ ಕೂತಿರೋದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ನುಡಿ ಫಾಂಟಿನಲ್ಲಿ ‘ದಾವಣಗೆರೆ’ ಅಂತ ಬರೆದರೆ ಕಂಪ್ಯೂಟರಿಗೆ ಆ ಪದ ಶುರುವಾಗ್ತಿದ್ದದ್ದು ಸಣ್ಣ ‘ಜೆಡ್’ನಿಂದ. ‘ಕನ್ನಡ’ ಪದದ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ! ಸರ್ಚ್ ಎಂಜಿನ್ ಓದೋದು ಒಳಗಿನದನ್ನ. ಹಂಗಾಗಿ ಆ ಪುಟಗಳಲ್ಲಿ ಹರಿಹರವೂ ಇರಲಿಲ್ಲ, ದಾವಣಗೆರೆಯೂ ಇರಲಿಲ್ಲ.

ಯೂನಿಕೋಡ್ ಈ ಗಂಟು ಬಿಡಿಸಿತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಮನೆಮನೆಯ ಕಂಪ್ಯೂಟರಿಗೆ ಮುಟ್ಟೋಕೆ 2001ರ ವಿಂಡೋಸ್ ಎಕ್ಸ್‌ಪಿ ಬರಬೇಕಾಯ್ತು. ಯೂನಿಕೋಡಿನಲ್ಲಿ ‘ಹ’ ಅಂದರೆ 3257. ಹರಿಹರದಲ್ಲಿ ಬರೆದರೂ ಅಷ್ಟೇ, ಅಮೆರಿಕದಲ್ಲಿ ಬರೆದರೂ ಅಷ್ಟೇ. ಬರೆದವನ ‘ಹರಿಹರ’ವೂ ಹುಡುಕುವವನ ‘ಹರಿಹರ’ವೂ ಒಂದೇ ಆಗಿದ್ದು ಆಗಲೇ.

ಅಕ್ಷರ ಸಿಕ್ಕಿತು, ಪದ ಸಿಕ್ಕಿತಾ? 2018ರಲ್ಲಿ ನಮ್ಮ ಮೆಕ್ಕೆಜೋಳಕ್ಕೆ ಫಾಲ್ ಆರ್ಮಿವರ್ಮ್ ಅನ್ನೋ ಹುಳ ಬಿತ್ತು. ಭಾರತದಲ್ಲಿ ಅದು ಮೊದಲು ಕಂಡಿದ್ದೇ ಆ ವರ್ಷ, ಪಕ್ಕದ ಶಿವಮೊಗ್ಗದಲ್ಲಿ. ಸುಳಿಯೊಳಗೆ ಕೂತು ತಿನ್ನೋ ಹುಳ. ತಡ ಮಾಡಿದರೆ ಬೆಳೆ ಕೈಬಿಟ್ಟಂಗೆ. ವಿಜ್ಞಾನಿಗಳ ಬರಹದಲ್ಲಿ ಅದು ಸ್ಪೊಡಾಪ್ಟೆರಾ ಫ್ರುಜಿಪರ್ಡಾ. ಹೊಲದಲ್ಲಿ ನಿಂತು ಮೊಬೈಲ್ ಹಿಡಿದವರು ಕೇಳೋದು ‘ಲದ್ದಿ ಹುಳ’, ‘ಸೈನಿಕ ಹುಳ’, ಇಲ್ಲಾ ‘ಸುಳಿ ತಿನ್ನೋ ಹುಳಕ್ಕೆ ಏನು ಹೊಡೀಬೇಕು’ ಅಂತ. ಬೆಳೆಗೂ ಒಂದೇ ಹೆಸರಿಲ್ಲ ನೋಡ್ರಿ. ದಾವಣಗೆರೆಯಲ್ಲಿ ಮೆಕ್ಕೆಜೋಳ, ತುಂಗಭದ್ರೆ ದಾಟಿ ರಾಣೆಬೆನ್ನೂರಿನ ಕಡೆ ಹೋದರೆ ಗೋವಿನಜೋಳ, ಮೈಸೂರಿನ ಕಡೆ ಮುಸುಕಿನ ಜೋಳ. ಎಷ್ಟೇ ಒಳ್ಳೆ ಲೇಖನ ಆಗಿರಲಿ, ರೈತ ಕೇಳೋ ಹೆಸರು ಅದರಲ್ಲಿ ಇಲ್ಲ ಅಂದ್ರೆ ಅದು ರೈಸ್ ಸಂಪುಟದ ಶಾಸನವೇ.

ಹಾಗಂತ ಪದ ತುರುಕೋದಲ್ಲ. ಆ ಆಟ ವೆಬ್ಬಿನ ಶುರುವಿನಲ್ಲೇ ಆಗಿಹೋಗಿದೆ. ಬಿಳಿ ಹಾಳೆ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಪದವನ್ನ ನೂರು ಸಲ ಬರೀತಿದ್ದರು. ಪುಟದೊಳಗೆ ಬಚ್ಚಿಡೋ ಕೀವರ್ಡ್ ಪಟ್ಟಿಯನ್ನ ತಾನು ಲೆಕ್ಕಕ್ಕೇ ತಗೊಳ್ಳಲ್ಲ ಅಂತ 2009ರಲ್ಲಿ ಗೂಗಲ್ಲೇ ಹೇಳಿತು. 2011ರ ‘ಪಾಂಡಾ’ ಬದಲಾವಣೆ ಬಂದ ಮೇಲೆ ಹುರುಳಿಲ್ಲದ ಪುಟಗಳು ಕೆಳಗಿಳಿದವು.

ಹೊಸಬರಿಗೆ ಉಳಿಯೋದು ಇಷ್ಟು. ಯೂನಿಕೋಡಿನಲ್ಲೇ ಬರೀರಿ. ಹಳೇ ನುಡಿ ಫೈಲ್ ಇದ್ದರೆ ಬದಲಾಯಿಸಿ ಹಾಕಿ. ತಲೆಬರಹದಲ್ಲಿ ಊರು, ವಿಷಯ ಎರಡೂ ನೇರವಾಗಿ ಇರಲಿ; ‘ಒಂದು ಮರೆಯದ ಅನುಭವ’ ಅಂತ ಯಾರೂ ಹುಡುಕಲ್ಲ. ‘ಹರಿಹರದಲ್ಲಿ’, ‘ಹರಿಹರಕ್ಕೆ’ ಅಂತೆಲ್ಲ ವಿಭಕ್ತಿ ಹಚ್ಚೋ ಭಾಷೆ ನಮ್ಮದು, ಒಮ್ಮೆಯಾದರೂ ಬರೀ ‘ಹರಿಹರ’ ಅಂತ ಬರಲಿ. ಇನ್ನೊಂದು ಊರಿನ ಹೆಸರನ್ನ ಮೊದಲ ಪ್ಯಾರಾದಲ್ಲೇ ಸಹಜವಾಗಿ ಸೇರಿಸಿ. ಉದ್ದ ಲೇಖನಕ್ಕೆ ಉಪಶೀರ್ಷಿಕೆ ಕೊಡಿ, ಫೋಟೋ ಕೆಳಗೆ ಅದೇನು ಅಂತ ಬರೀರಿ. ಇಡೀ ವಿಷಯವನ್ನ ಪೋಸ್ಟರ್ ಚಿತ್ರದೊಳಗೆ ಹುದುಗಿಸಬೇಡಿ, ಮತ್ತೆ ಹಳೇ ಫಾಂಟಿನ ಕಾಲಕ್ಕೇ ಹೋದಂಗಾಗುತ್ತೆ.

ಬರೆದು ಮುಗಿಸಿದ ಮೇಲೆ, ಆ ವಿಷಯ ನಿಜಕ್ಕೂ ಬೇಕಾದ ಒಬ್ಬರನ್ನ ಕೇಳಿ: ‘ಇದನ್ನ ನೀವಾದ್ರೆ ಏನಂತ ಹುಡುಕ್ತೀರಿ?’ ಅವರ ಬಾಯಲ್ಲಿ ಬಂದ ಮಾತು ನಿಮ್ಮ ಲೇಖನದಲ್ಲಿ ಇದೆಯಾ ನೋಡಿಕೊಂಡು ಆಮೇಲೆ ಪ್ರಕಟಿಸಿ.