ಕಾವಲು ಕಾಯುವ ಕಣ್ಣು: ತಂತಿಯೋ, ನಿಸ್ತಂತುವೋ?

ಚಳ್ಳಕೆರೆ ತಾಲ್ಲೂಕಿನಲ್ಲಿ, ನಾಯಕನಹಟ್ಟಿಯ ಸಮೀಪ, ಕುದಾಪುರವೆಂಬ ಊರಿದೆ. ಈಗೀಗ ಈ ಹೆಸರು ವಿಜ್ಞಾನದ ಸುದ್ದಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇರುವುದು ಇಲ್ಲಿ. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವೂ ಇದರ ಆಸುಪಾಸಿನಲ್ಲೇ ಇದೆ. ಆದರೆ ಊರಿನ ಹಿರಿಯರನ್ನು ಕೇಳಿ ನೋಡಿ, ಅವರು ಈ ನೆಲವನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಾರೆ: ಕಾವಲು.

ಕಾವಲು ಎಂದರೆ ಕಾಯುವುದು ಎಂದು ನಮಗೆಲ್ಲ ಗೊತ್ತು. ಹಳೆಯ ಮೈಸೂರು ಸೀಮೆಯಲ್ಲಿ ಕಾಯ್ದಿಟ್ಟ ಹುಲ್ಲುಗಾವಲಿಗೂ ಅದೇ ಹೆಸರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದರ ದನಗಳಿಗಾಗಿ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ಗೊತ್ತುಮಾಡಿದ್ದರು. ನೋಡಿಕೊಳ್ಳಲು ಸೇರ್ವೆಗಾರರೂ ಅವರ ಕೈಕೆಳಗೆ ದನಗಾಹಿಗಳೂ ಇದ್ದರು. ಬೇಲಿಯಿಲ್ಲದ ಅಷ್ಟು ವಿಶಾಲವಾದ ಬಯಲನ್ನು ಕಾದದ್ದು ಮನುಷ್ಯನ ಕಣ್ಣು ಮತ್ತು ನಾಯಿಯ ಕಿವಿ.

ಇಂದು ಆ ಕಣ್ಣಿನ ಕೆಲಸವನ್ನು ನಾವು ಕ್ಯಾಮೆರಾಗೆ ಒಪ್ಪಿಸುತ್ತಿದ್ದೇವೆ. ಪಟ್ಟಣದಲ್ಲಷ್ಟೇ ಅಲ್ಲ, ಹಳ್ಳಿಯಲ್ಲಿಯೂ ಕೂಡ. ಕುದಾಪುರದಿಂದ ಕೆಲವೇ ಮೈಲಿ ದೂರದ ಹಳ್ಳಿಯೊಂದರಲ್ಲಿ ನನ್ನ ಸೋದರತ್ತೆ ಒಬ್ಬರೇ ಇದ್ದಾರೆ. ಮನೆಯ ಹಿಂದೆ ಕುರಿ ರೊಪ್ಪವಿದೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಗ ನಿಸ್ತಂತು ಕ್ಯಾಮೆರಾಗಳನ್ನು ತಂದು, ಒಂದನ್ನು ರೊಪ್ಪದ ಕಡೆಗೂ ಇನ್ನೊಂದನ್ನು ನಡುಮನೆಗೂ ಹಾಕಿಸಿದ. ಗೋಡೆ ಕೊರೆಯುವ ಗೋಜಿರಲಿಲ್ಲ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಒಂದು ರಾತ್ರಿ ಕರೆಂಟು ಹೋಯಿತು. ಕ್ಯಾಮೆರಾದೊಳಗೆ ಬ್ಯಾಟರಿ ಇತ್ತು. ಆದರೆ ಚಿತ್ರವನ್ನು ಮನೆಯಿಂದಾಚೆಗೆ ಕಳಿಸುವ ರೂಟರ್ ಪೆಟ್ಟಿಗೆಗೆ ಬ್ಯಾಟರಿ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಎರಡು ಟಗರು ಇಲ್ಲ. ಮಗನ ಮೊಬೈಲಿನಲ್ಲಿ ಉಳಿದಿದ್ದ ಕೊನೆಯ ಚಿತ್ರದಲ್ಲಿ ಕುರಿಗಳು ನೆಮ್ಮದಿಯಾಗಿ ಮಲಗಿದ್ದವು.

ಸಮಾಧಾನ ಹೇಳಲು ಹೋದ ನನ್ನನ್ನು ಅತ್ತೆ ಕೇಳಿದ್ದು ಇಷ್ಟು: "ಕಳ್ಳನ್ನ ನೋಡ್ಲಿಲ್ಲ, ಹೋಗ್ಲಿ ಬಿಡು. ನಡುಮನ್ಯಾಗೆ ದಿನಾ ನನ್ನ ನೋಡ್ತೈತಲ್ಲ, ಅದು ಯಾರಿಗಪ್ಪಾ?"

ವಿಜ್ಞಾನ ಓದಿ, ದೂರದರ್ಶನದ ಕ್ಯಾಮೆರಾಗಳ ನಡುವೆ ಇಷ್ಟು ವರ್ಷ ಕಳೆದ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಉತ್ತರ ಹುಡುಕುತ್ತಾ ಈ ಕಾವಲು ಕಣ್ಣಿನ ಚರಿತ್ರೆಯ ಒಳಹೊಕ್ಕೆ. ಓದುಗರೇ, ಅಲ್ಲಿ ಕಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಿಮ್ಮ ಮನೆಗೂ ಇಂಥದೊಂದು ಕ್ಯಾಮೆರಾ ತರುವ ಆಲೋಚನೆ ನಿಮಗಿರಬಹುದು.

ತಂತಿ ಹಳೆಯದು, ನಿಸ್ತಂತು ಹೊಸದು, ಆದ್ದರಿಂದ ನಿಸ್ತಂತುವೇ ಮೇಲು ಎಂಬ ನಂಬಿಕೆ ನಮ್ಮಲ್ಲಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಮುಟ್ಟದೆಯೇ ನುಡಿಸುವ ವಾದ್ಯವೊಂದನ್ನು ಕಂಡುಹಿಡಿದ ರಷ್ಯದ ಲಿಯಾನ್ ಥೆರೆಮಿನ್ 1927ರಲ್ಲಿ ದೂರದರ್ಶನ ಯಂತ್ರವೊಂದನ್ನು ರಚಿಸಿದ್ದರು. ಮಾಸ್ಕೋದ ಕ್ರೆಮ್ಲಿನ್ ಅಂಗಳಕ್ಕೆ ಬಂದುಹೋಗುವವರನ್ನು ಒಳಗೆ ಕುಳಿತೇ ನೋಡಲು ಅದನ್ನು ಬಳಸಿದರೆಂದೂ, ಚಿತ್ರವನ್ನು ರೇಡಿಯೊ ಅಲೆಯ ಮೂಲಕ ಸಾಗಿಸಿದರೆಂದೂ ತಿಳಿದುಬರುತ್ತದೆ. ಅಂದರೆ ಕಾವಲಿನ ಕ್ಯಾಮೆರಾ ಮೊದಲ ಹೆಜ್ಜೆ ಇಟ್ಟದ್ದೇ ನಿಸ್ತಂತುವಾಗಿ.

ತಂತಿಯ ಕ್ಯಾಮೆರಾದ ಪ್ರಸಿದ್ಧ ಉದಾಹರಣೆ ಬಂದದ್ದು ಅನಂತರ, 1942ರಲ್ಲಿ. ಜರ್ಮನಿಯ ಪೀನೆಮ್ಯುಂಡೆಯಲ್ಲಿ ವಿ-2 ರಾಕೆಟ್ಟಿನ ಪರೀಕ್ಷೆ ನಡೆಯುತ್ತಿತ್ತು. ಅದು ಸಿಡಿದರೆ ಹತ್ತಿರ ನಿಂತವರು ಉಳಿಯುವಂತಿರಲಿಲ್ಲ. ವಾಲ್ಟರ್ ಬ್ರುಕ್ ಎಂಬ ಇಂಜಿನಿಯರ್ ಉಡಾವಣಾ ಕಟ್ಟೆಯ ಬಳಿ ಕ್ಯಾಮೆರಾ ನಿಲ್ಲಿಸಿ, ತಂತಿ ಎಳೆದು, ದೂರದ ಸುರಕ್ಷಿತ ಸ್ಥಳದಲ್ಲಿ ಚಿತ್ರ ಕಾಣುವಂತೆ ಮಾಡಿದರು. ಇದೇ ಬ್ರುಕ್ ಮುಂದೆ ಟೆಲಿಫಂಕನ್ ಕಂಪನಿಯಲ್ಲಿ ಪಾಲ್ ಎಂಬ ವರ್ಣ ಪದ್ಧತಿಯನ್ನು ರೂಪಿಸಿದರು. 1982ರಲ್ಲಿ ನಮ್ಮ ದೂರದರ್ಶನ ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ತಿರುಗಿದಾಗ ಆರಿಸಿಕೊಂಡದ್ದು ಅದೇ ಪದ್ಧತಿಯನ್ನು. ಆ ವರ್ಷದ ಏಷ್ಯಾಡ್ ಆಟಗಳನ್ನು ಬಣ್ಣದಲ್ಲಿ ನೋಡಿ ಬೆರಗಾದವರು ನಿಮ್ಮ ಮನೆಯಲ್ಲೂ ಇರಬಹುದು.

ಇಲ್ಲಿ ನನ್ನ ವೃತ್ತಿಯ ಒಂದು ಮಾತು ಹೇಳಬೇಕು. ನಾವು ಮಾಡುವುದು ಪ್ರಸಾರ. ಚಿತ್ರವನ್ನು ಗಾಳಿಗೆ ಬಿಡುತ್ತೇವೆ, ಆಂಟೆನಾ ಇದ್ದವರೆಲ್ಲ ಹಿಡಿದುಕೊಳ್ಳಬಹುದು. ಬ್ರುಕ್ ಮಾಡಿದ್ದು ಇದಕ್ಕೆ ವಿರುದ್ಧ. ಅಲ್ಲಿ ಚಿತ್ರ ಹೊರಡುವ ಜಾಗವೊಂದು, ತಲುಪುವ ಜಾಗವೊಂದು, ನಡುವೆ ಬೇರೆಯವರಿಗೆ ಪ್ರವೇಶವಿಲ್ಲ. ಸಿ.ಸಿ. ಟಿ.ವಿ. ಎಂಬ ಹೆಸರಿನ ಅರ್ಥವೇ ಅದು: ಮುಚ್ಚಿದ ಮಂಡಲದ ದೂರದರ್ಶನ. ಮಂಡಲವನ್ನು ಮುಚ್ಚಿದ್ದು ತಂತಿ. ಆ ತಂತಿಯನ್ನು ತೆಗೆದುಹಾಕಿದ ಕೂಡಲೇ ನಿಮ್ಮ ಮನೆ ಒಂದು ಪುಟ್ಟ ಪ್ರಸಾರ ಕೇಂದ್ರವಾಗುತ್ತದೆ. ಆಗ ಬೀಗ ಹಾಕುವ ಹೊಣೆ ತಂತಿಯಿಂದ ಗುಪ್ತಲಿಪಿಯ ಮೇಲೆ, ಅಂದರೆ ನೀವು ಕೊಡುವ ಪಾಸ್‌ವರ್ಡಿನ ಮೇಲೆ ಬೀಳುತ್ತದೆ.

ಕಾವಲಿನ ಕ್ಯಾಮೆರಾ ಮನೆಯ ಹೊಸ್ತಿಲಿಗೆ ಬಂದದ್ದು ಒಬ್ಬ ಮಹಿಳೆಯಿಂದ. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್ ಇದ್ದರು. ಪತಿ ಆಲ್ಬರ್ಟ್ ಎಲೆಕ್ಟ್ರಾನಿಕ್ಸ್ ತಂತ್ರಜ್ಞ. ಇಬ್ಬರ ಕೆಲಸದ ವೇಳೆಯೂ ಬೇರೆ ಬೇರೆ. ಒಬ್ಬರೇ ಇದ್ದಾಗ ಬಾಗಿಲು ಬಡಿದವರು ಯಾರೆಂದು ತಿಳಿಯುವುದು ಹೇಗೆ? ಕರೆದರೆ ಪೊಲೀಸರು ಬರುವುದೂ ತಡ. ದಂಪತಿ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1969ರ ಡಿಸೆಂಬರಿನಲ್ಲಿ ಅದು ಮಂಜೂರಾಯಿತು. ಬಾಗಿಲಿನಲ್ಲಿ ಬೇರೆ ಬೇರೆ ಎತ್ತರಕ್ಕೆ ಇಣುಕುಕಿಂಡಿಗಳು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಗೆ ಟಿ.ವಿ. ಪರದೆ, ಹೊರಗಿನವರೊಡನೆ ಮಾತನಾಡುವ ಸೌಲಭ್ಯ, ದೂರದಿಂದಲೇ ಬಾಗಿಲು ತೆರೆಯುವ ಗುಂಡಿ. ಇಂದಿನ ಕ್ಯಾಮೆರಾಗಳ ಬೀಜವೆಲ್ಲ ಅದರಲ್ಲಿದೆ. ಒಂದು ವಿಷಯವನ್ನು ಗಮನಿಸಿ: ಆ ಏರ್ಪಾಟಿನಲ್ಲಿ ಪರದೆಯ ಮುಂದೆ ಕುಳಿತವರು ಮನೆಯ ಒಡತಿ, ಕ್ಯಾಮೆರಾದ ಮುಂದೆ ನಿಂತವನು ಹೊರಗಿನವನು.

ನಮ್ಮಲ್ಲಿ ನಿಸ್ತಂತುವಿನ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1933ರ ಕಾಯಿದೆಯ ಪ್ರಕಾರ ನಿಸ್ತಂತು ಯಂತ್ರ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದು ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟದ್ದು ನಾಡಿಗೇ ಒಂದು ಘಟನೆಯಾಯಿತು. ಮನೆಯಿಂದ ಗಾಳಿಗೆ ಅಲೆ ಬಿಡುವುದು ಅಷ್ಟು ಅಪರೂಪವಾಗಿತ್ತು. ರೇಡಿಯೊ ಕೇಳುವುದಕ್ಕೂ ಲೈಸೆನ್ಸ್ ಪುಸ್ತಕ ಹಿಡಿದು ಅಂಚೆ ಕಚೇರಿಗೆ ಹೋದದ್ದು ಹಿರಿಯ ಓದುಗರಿಗೆ ನೆನಪಿದ್ದೀತು. ವೈ-ಫೈಗೆ ಆಧಾರವಾದ ಅಂತರರಾಷ್ಟ್ರೀಯ ಮಾನಕ 1997ರಲ್ಲಿ ಬಂತು. ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸಿನಿಂದ ಮುಕ್ತಗೊಳಿಸಿದ್ದು 2005ರಲ್ಲಿ. ಅಲ್ಲಿಂದ ಮುಂದೆ ಯಾರು ಬೇಕಾದರೂ ತಮ್ಮ ಮನೆಯಲ್ಲಿ, ಮಿತವಾದ ಶಕ್ತಿಯಲ್ಲಿ, ಅಲೆ ಬಿಡಬಹುದಾಯಿತು. ಅತ್ತೆಯ ರೊಪ್ಪದ ಕ್ಯಾಮೆರಾ ಆ ಬಿಡುಗಡೆಯ ಫಲ.

ಹಾಗಾದರೆ ಆರಿಸಿಕೊಳ್ಳುವುದು ಹೇಗೆ? ಮೂರು ಲೆಕ್ಕ ಹಾಕಿ ನೋಡೋಣ.

ಮೊದಲನೆಯದು ವಿದ್ಯುತ್ತು. ನಿಸ್ತಂತು ಎಂದು ಕರೆಯುವ ಬಹುಪಾಲು ಕ್ಯಾಮೆರಾಗಳಿಗೆ ಚಿತ್ರ ಸಾಗಿಸುವ ತಂತಿ ಇಲ್ಲ ಅಷ್ಟೆ, ಕರೆಂಟಿನ ತಂತಿ ಇದ್ದೇ ಇರುತ್ತದೆ. ಬ್ಯಾಟರಿಯದಾದರೆ ಆಗಾಗ ಚಾರ್ಜ್ ಮಾಡಬೇಕು ಅಥವಾ ಸೌರಫಲಕ ಕೂರಿಸಬೇಕು. ಅದೂ ಸಾಲದು, ಕ್ಯಾಮೆರಾ, ರೂಟರ್, ಅಂತರ್ಜಾಲದ ಸಂಪರ್ಕ ಈ ಮೂರರಲ್ಲಿ ಒಂದು ಕೈಕೊಟ್ಟರೂ ದೂರದಲ್ಲಿರುವ ನಿಮಗೆ ಏನೂ ಕಾಣದು. ತಂತಿಯ ವ್ಯವಸ್ಥೆಯಲ್ಲಿ ದಾಖಲೆ ಪೆಟ್ಟಿಗೆಗೂ ಕ್ಯಾಮೆರಾಗಳಿಗೂ ಸೇರಿ ಒಂದೇ ಯು.ಪಿ.ಎಸ್. ಸಾಕು. 2003ರಲ್ಲಿ ಬಂದ ಮಾನಕದಿಂದಾಗಿ, ಚಿತ್ರ ಬರುವ ಕೇಬಲ್ಲಿನಲ್ಲೇ ಕ್ಯಾಮೆರಾಗೆ ವಿದ್ಯುತ್ತನ್ನೂ ಕಳಿಸಬಹುದು. ಆ ಕೇಬಲ್ಲಿನ ಉದ್ದ 100 ಮೀಟರ್ ಮೀರಬಾರದು. ಅಂತರ್ಜಾಲ ಇಲ್ಲದಿದ್ದರೂ ದಾಖಲೆ ನಿಲ್ಲುವುದಿಲ್ಲ.

ಎರಡನೆಯದು ಚಿತ್ರದ ತೂಕ. ಒಂದು ಸಾಧಾರಣ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಚಿತ್ರ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ದಿನಕ್ಕೆ 21.6 ಗಿಗಾಬೈಟ್, 30 ದಿನಕ್ಕೆ 648 ಗಿಗಾಬೈಟ್. ದಿನಕ್ಕೆ ಒಂದೂವರೆ-ಎರಡು ಗಿಗಾಬೈಟ್ ಕೊಡುವ ಮೊಬೈಲ್ ಪ್ಯಾಕಿನಲ್ಲಿ ಇದು ನಡೆಯುವ ಮಾತಲ್ಲ. ಆದ್ದರಿಂದಲೇ ಬ್ಯಾಟರಿಯ ನಿಸ್ತಂತು ಕ್ಯಾಮೆರಾಗಳು ಹೆಚ್ಚಿನ ಹೊತ್ತು ನಿದ್ರಿಸುತ್ತಿದ್ದು, ಎದುರಿಗೆ ಏನಾದರೂ ಅಲುಗಾಡಿದಾಗ ಎಚ್ಚರಗೊಳ್ಳುತ್ತವೆ. ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಕ್ಷಣಗಳು ತಪ್ಪಿಹೋಗಬಹುದು. ಹುಲ್ಲು ಗಾಳಿಗೆ ಆಡುವ ನಮ್ಮ ಬಯಲುಸೀಮೆಯಲ್ಲಿ ಸುಮ್ಮಸುಮ್ಮನೆ ಎಚ್ಚರಗೊಂಡು ಬ್ಯಾಟರಿ ಖಾಲಿ ಮಾಡಿಕೊಳ್ಳುವುದೂ ಉಂಟು. ತಂತಿಯ ಕ್ಯಾಮೆರಾ ಹಗಲಿರುಳೂ ಬರೆದಿಡುತ್ತದೆ. ಆದರೆ ಕಳ್ಳ ಆ ದಾಖಲೆ ಪೆಟ್ಟಿಗೆಯನ್ನೇ ಹೊತ್ತೊಯ್ದರೆ ಎಲ್ಲವೂ ಹೋದಂತೆ. ಕಣ್ಣಿಗೆ ಬೀಳದ ಕಡೆ ಅದನ್ನು ಇಡಬೇಕು.

ಮೂರನೆಯದು ಕೆಡುವ ಬಗೆ. ತಂತಿ ತುಂಡಾದರೆ ಕಣ್ಣಿಗೆ ಕಾಣುತ್ತದೆ. ಇಲಿ ಕಡಿಯಬಹುದು, ಸಿಡಿಲಿನ ಹೊಡೆತ ಉದ್ದನೆಯ ತಂತಿಯ ಮೂಲಕ ಒಳಬರಬಹುದು. ಅದಕ್ಕೆ ಭೂಸಂಪರ್ಕ ಸರಿಯಾಗಿರಬೇಕು. ನಿಸ್ತಂತುವಿನ ದೋಷ ಕಾಣುವಂಥದಲ್ಲ. ದಪ್ಪನೆಯ ಕಲ್ಲಿನ ಗೋಡೆ ಅಲೆಯನ್ನು ನುಂಗುತ್ತದೆ. ಅದೇ ಪಟ್ಟಿಯಲ್ಲಿ ಪ್ರಬಲವಾದ ಅಲೆ ಬಿಟ್ಟು ಕ್ಯಾಮೆರಾವನ್ನು ಕುರುಡಾಗಿಸಬಹುದು. ಹಳೆಯ ಮಾದರಿಯ ಕೆಲವು ನಿಸ್ತಂತು ಕ್ಯಾಮೆರಾಗಳಿಗೆ ಗುಪ್ತಲಿಪಿಯೇ ಇರಲಿಲ್ಲ, ಸೂಕ್ತ ರಿಸೀವರ್ ಇದ್ದ ನೆರೆಯವರೂ ನೋಡಬಹುದಿತ್ತು.

ಇಷ್ಟು ಹೇಳಿದೆನೆಂದು ತಂತಿ ಇದ್ದರೆ ನಿರ್ಭಯ ಎಂದು ತಿಳಿಯಬೇಡಿ. ತಂತಿಯದೇ ಇರಲಿ, ನಿಸ್ತಂತುವೇ ಇರಲಿ, ಅಂತರ್ಜಾಲಕ್ಕೆ ಸೇರಿದ ಮೇಲೆ ಮಂಡಲ ತೆರೆದಂತೆಯೇ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲೋಕದಾದ್ಯಂತ ಅಸಂಖ್ಯಾತ ಕ್ಯಾಮೆರಾಗಳನ್ನೂ ದಾಖಲೆ ಪೆಟ್ಟಿಗೆಗಳನ್ನೂ ವಶಪಡಿಸಿಕೊಂಡಿತು. ಕಾರಣ ಬಹಳ ಸರಳ: ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡನ್ನು ಜನ ಬದಲಿಸಿರಲಿಲ್ಲ. ಆ ವರ್ಷದ ಅಕ್ಟೋಬರ್ 21ರಂದು ಹೀಗೆ ವಶವಾದ ಯಂತ್ರಗಳ ದಾಳಿಯಿಂದ ಹಲವು ಹೆಸರಾಂತ ಜಾಲತಾಣಗಳು ತಾಸುಗಟ್ಟಲೆ ಸ್ಥಗಿತಗೊಂಡವು. ಮನೆ ಕಾಯಲು ಇಟ್ಟ ಕಣ್ಣೇ ಬೇರೆಯವರ ಆಳಾಯಿತು. ನಮ್ಮ ಕೇಂದ್ರ ಸರ್ಕಾರ 2024ರಲ್ಲಿ ನಿಯಮ ಮಾಡಿ, ಮರುವರ್ಷದಿಂದ ಇಂಥ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿದ್ದಕ್ಕೆ ಇಂಥ ಅನುಭವಗಳೇ ಹಿನ್ನೆಲೆ.

ಈಗ ಮತ್ತೆ ಕುದಾಪುರದ ಕಡೆಗೆ ಬರೋಣ. 2023ರ ಏಪ್ರಿಲ್ 2ರಂದು ಅಲ್ಲಿನ ಪರೀಕ್ಷಾ ವಲಯದಲ್ಲಿ ಇಸ್ರೋದ ಮರುಬಳಕೆಯ ನೌಕೆಯನ್ನು ಚಿನೂಕ್ ಹೆಲಿಕಾಪ್ಟರ್ ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ನೌಕೆ ತಾನೇ ದಾರಿ ಕಂಡುಕೊಂಡು ರನ್‌ವೇಗೆ ಬಂದಿಳಿಯಿತು. 2024ರಲ್ಲಿ ಇನ್ನೆರಡು ಬಾರಿ ಈ ಪ್ರಯೋಗ ಯಶಸ್ವಿಯಾಯಿತು. ಹಾರುವ ನೌಕೆಗೆ ತಂತಿ ಕಟ್ಟಲಾಗದು, ಅದರ ಸಮಾಚಾರವೆಲ್ಲ ಅಲೆಯ ಮೂಲಕವೇ ನೆಲ ಮುಟ್ಟಬೇಕು. ಪೀನೆಮ್ಯುಂಡೆಯಲ್ಲಿ ಕ್ಯಾಮೆರಾ ನೋಡಬೇಕಿದ್ದದ್ದು ಕಟ್ಟೆಯ ಮೇಲೆ ನಿಂತ ರಾಕೆಟ್ಟನ್ನು, ಅಲ್ಲಿ ತಂತಿಯೇ ಸರಿ. ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಚಲಿಸುವುದಕ್ಕೆ ನಿಸ್ತಂತು, ನಿಂತದ್ದಕ್ಕೆ ತಂತಿ. ನಿಮ್ಮ ಬಾಗಿಲು, ಗೇಟು, ರೊಪ್ಪ ಎಲ್ಲಿಗೂ ಹೋಗುವುದಿಲ್ಲ. ಸ್ವಂತ ಮನೆಯಾದರೆ ಒಮ್ಮೆ ಗೋಡೆ ಕೊರೆದು ತಂತಿ ಎಳೆಯುವ ಶ್ರಮ ಬಹುಕಾಲ ಫಲ ಕೊಡುತ್ತದೆ. ಬಾಡಿಗೆ ಮನೆ, ಕೊರೆಯಲಾಗದ ಹಳೆಯ ಕಟ್ಟಡ, ದೂರದ ತೋಟದ ಗೇಟು, ಕೆಲವು ತಿಂಗಳ ಅಗತ್ಯ: ಇಂಥ ಕಡೆ ನಿಸ್ತಂತು ಒಳ್ಳೆಯದು. ರೂಟರ್‌ಗೂ ಬ್ಯಾಟರಿ ಇಡುವುದನ್ನು ಮಾತ್ರ ಮರೆಯಬೇಡಿ.

ಅತ್ತೆಯ ಪ್ರಶ್ನೆ ಉಳಿಯಿತು. ಅದು ತಂತಿಯ ಪ್ರಶ್ನೆಯಲ್ಲ, ನೋಟದ ಪ್ರಶ್ನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಆ ಹಕ್ಕು ಹಳ್ಳಿಯ ನಡುಮನೆಯಲ್ಲಿ ಒಬ್ಬರೇ ಕುಳಿತ ಮುದುಕಿಗೂ ಇದೆ. ಬ್ರೌನ್ ಅವರ ಮನೆಯಲ್ಲಿ ಒಡತಿ ನೋಡುವವಳಾಗಿದ್ದಳು. ನಮ್ಮ ಅತ್ತೆಯನ್ನು ನಾವು ನೋಡಿಸಿಕೊಳ್ಳುವವಳನ್ನಾಗಿ ಮಾಡಿದ್ದೆವು. ಪ್ರೀತಿಯಿಂದಲೇ ಮಾಡಿದ್ದೆವು, ಆದರೆ ಅವರನ್ನು ಕೇಳಿರಲಿಲ್ಲ.

ಕುದಾಪುರದ ಸುತ್ತಿನ ಹಳ್ಳಿಯವರಿಗೆ ಈ ನೋವು ಹೊಸದಲ್ಲ. 2008ರಿಂದೀಚೆಗೆ ಸುಮಾರು ಹತ್ತು ಸಾವಿರ ಎಕರೆ ಕಾವಲು ನೆಲ ವಿವಿಧ ಸಂಸ್ಥೆಗಳ ಪಾಲಾಗಿ ಗೋಡೆಗಳು ಎದ್ದಾಗ, ತಲೆಮಾರುಗಳಿಂದ ಅಲ್ಲಿ ಕುರಿ ದನ ಮೇಯಿಸಿದವರು ತಮ್ಮನ್ನು ಕೇಳಲಿಲ್ಲವೆಂದೇ ದೂರಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಗಿ 2014ರಲ್ಲಿ ಆದೇಶ ಬಂತು. ವಿಜ್ಞಾನ ಬೇಕು, ಕಾವಲೂ ಬೇಕು. ಯಾರನ್ನು ಕಾಯುತ್ತೇವೋ ಅವರನ್ನು ಮೊದಲು ಕೇಳುವ ಸೌಜನ್ಯವೂ ಬೇಕು.

ಕೊನೆಗೆ ನಾವು ಅತ್ತೆಯನ್ನೇ ಕೇಳಿದೆವು. ನಡುಮನೆಯ ಕ್ಯಾಮೆರಾ ಇಳಿಯಿತು. ರೊಪ್ಪಕ್ಕೂ ಮುಂಬಾಗಿಲಿಗೂ ತಂತಿಯ ಕ್ಯಾಮೆರಾಗಳು ಬಂದವು. ದಾಖಲೆ ಪೆಟ್ಟಿಗೆ ಅಟ್ಟದ ಮೇಲೆ, ಬ್ಯಾಟರಿಯ ಜೊತೆಗೆ ಕುಳಿತಿದೆ. ಪರದೆ ಅತ್ತೆಯ ಮಂಚದ ಪಕ್ಕದಲ್ಲಿದೆ. ರಾತ್ರಿ ನಾಯಿ ಬೊಗಳಿದರೆ ಈಗ ಅವರೇ ಎದ್ದು ನೋಡುತ್ತಾರೆ.