ಎಡೆದೊರೆ ನಾಡಿನ ಜನರ ಲೆಕ್ಕ

ಕೃಷ್ಣೆ, ತುಂಗಭದ್ರೆಯರ ನಡುವೆ ಹಬ್ಬಿದ ಎಡೆದೊರೆ ನಾಡಿನ ಎರೆಮಣ್ಣಿಗೆ ಆಸೆಪಡದ ಅರಸರಿಲ್ಲ. ರಾಯಚೂರು, ಮುದಗಲ್ಲು ಕೋಟೆಗಳಿಗಾಗಿ ವಿಜಯನಗರದ ರಾಯರೂ ಸುಲ್ತಾನರೂ ತಲೆಮಾರುಗಳ ಕಾಲ ಕಾದಾಡಿದರು. 1853ರಲ್ಲಿ ನಿಜಾಮನಿಂದ ಈ ಸೀಮೆಯನ್ನು ಪಡೆದ ಇಂಗ್ಲಿಷರು 1860ರಲ್ಲಿ ಮರಳಿಸಿದರು. ಒಡೆಯರು ಬದಲಾದಂತೆಲ್ಲ ದಫ್ತರಗಳಲ್ಲಿ ಕಂದಾಯದ ಲೆಕ್ಕ ಬೆಳೆಯಿತು. ರೈತನ ಮನೆಯ ಕೂಸು ಬದುಕಿತೇ, ಮಗಳು ಅಕ್ಷರ ಕಲಿತಳೇ ಎಂದು ವಿಚಾರಿಸುವವರು ಬರಲಿಲ್ಲ.

ಈ ನೆಲಕ್ಕೆ ಬೇರೊಂದು ಪರಂಪರೆಯೂ ಇತ್ತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬೆಟ್ಟದಲ್ಲಿ ಕಂಡ ಶಾಸನದಲ್ಲಿ ಅಶೋಕನ ಹೆಸರೇ ಕೊರೆದಿತ್ತು. ಧರ್ಮದಿಂದ ನಡೆದರೆ ಸಣ್ಣವನೂ ಉನ್ನತಿ ಪಡೆಯಬಲ್ಲ, ಇದನ್ನು ದೊಡ್ಡವರಿಗೂ ಸಣ್ಣವರಿಗೂ ತಿಳಿಸಬೇಕು ಎಂಬುದು ಅದರ ಸಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಸಂತೆಕಲ್ಲೂರಿನ ಘನಮಠದ ನಾಗಭೂಷಣ ಶಿವಯೋಗಿಗಳು ಒಕ್ಕಲುತನದ ಅರಿವನ್ನು ‘ಕೃಷಿ ಜ್ಞಾನ ಪ್ರದೀಪಿಕೆ’ಯಾಗಿ ಕನ್ನಡದಲ್ಲಿ ಬರೆದರು. ಮಠದ ವಿದ್ಯೆ ಹೊಲದ ಬದುವಿಗೆ ಬಂದ ಪುಣ್ಯಕಾಲವದು.

1948ರಲ್ಲಿ ನಿಜಾಮಶಾಹಿ ಅಳಿಯಿತು. 1956ರಲ್ಲಿ ರಾಯಚೂರು ಸೀಮೆ ಕನ್ನಡ ರಾಜ್ಯ ಸೇರಿತು. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದು ಸಿಂಧನೂರಿನ ಹೊಲಗಳು ಭತ್ತದ ಗದ್ದೆಗಳಾದವು.

ಜನರ ಸ್ಥಿತಿಯನ್ನು ತಾಲ್ಲೂಕು ತಾಲ್ಲೂಕಾಗಿ ಅಳೆದವರು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ. 2000ರಲ್ಲಿ ನೇಮಕಗೊಂಡ ಅವರ ಸಮಿತಿ ಸಾಗುವಳಿ, ಉದ್ಯಮಗಳ ಜೊತೆಗೆ ಹತ್ತು ಸಾವಿರ ಜನರಿಗೆ ಎಷ್ಟು ವೈದ್ಯರು, ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆಗಳು, ಶಾಲೆಯ ಹೊರಗುಳಿದ ಮಕ್ಕಳೆಷ್ಟು ಎಂಬುದನ್ನೂ ಎಣಿಸಿತು. 35 ಸೂಚಕಗಳನ್ನು ಕೂಡಿಸಿ ರಾಜ್ಯದ 175 ತಾಲ್ಲೂಕುಗಳನ್ನು ತೂಗಿತು. 2002ರ ಜೂನ್‌ನಲ್ಲಿ ಬಂದ ವರದಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಸಾರಿತು. ಅತ್ಯಂತ ಹಿಂದುಳಿದ 39ರಲ್ಲಿ ಈ ನಾಡಿನ ಲಿಂಗಸುಗೂರಿತ್ತು. ಕಾಲುವೆ ನೀರುಂಡ ಸಿಂಧನೂರೂ ಇತ್ತು!

ಆ ಪಟ್ಟಿ ಹೇಳಿದ ಸತ್ಯ ದೊಡ್ಡದು. ಕಣ ತುಂಬಿದ ಮಾತ್ರಕ್ಕೆ ಶಾಲೆ ತುಂಬುವುದಿಲ್ಲ; ಬೆಳೆ ಕೈಗೆ ಬಂದ ಮಾತ್ರಕ್ಕೆ ಬಾಣಂತಿಗೆ ವೈದ್ಯರು ಸಿಗುವುದಿಲ್ಲ. 2005ರ ರಾಜ್ಯ ಮಾನವ ಅಭಿವೃದ್ಧಿ ವರದಿ ರಾಯಚೂರನ್ನು 27 ಜಿಲ್ಲೆಗಳಲ್ಲಿ ಕೊನೆಯದೆಂದಿತು. ನಂಜುಂಡಪ್ಪನವರು ತಮ್ಮ ವರದಿಯಲ್ಲೇ ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆ ಬೇಡಿದರು. ಈ ಸೀಮೆಗೆ ವಿಶೇಷ ಸ್ಥಾನ ಬೇಕೆಂಬ ಜನರ ದೀರ್ಘ ಹೋರಾಟಕ್ಕೆ ಅಂಕಿಗಳ ಆಸರೆ ದೊರೆತು, 2013ರಲ್ಲಿ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದಿತು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಬಾಗಿಲು ಈ ಸೀಮೆಯ ಮಕ್ಕಳಿಗೆ ಮೀಸಲಾತಿಯಿಂದ ತೆರೆಯಿತು.

ಆ ವಿಧಿ ಬರುವ ಮುಂಚೆ, 2011ರ ಜನಗಣತಿಯಲ್ಲಿ, ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅನಕ್ಷರಸ್ಥರಾಗಿದ್ದರು. ತಾಲ್ಲೂಕಿನ ಸರಾಸರಿಯಲ್ಲಿ ಕೇರಿಯ, ತಾಂಡಾದ, ಕ್ಯಾಂಪಿನ ಕಷ್ಟ ಮರೆಯಾಗುತ್ತದೆ. ಆ ಮನೆಗಳ ಬಾಗಿಲಿಗೇ ಹೋಗಿ ಕೇಳಿ ಬರೆಯುವುದು ಮುಂದಿನವರ ಹೊಣೆ. ಬರೆದದ್ದಕ್ಕೆ ತಕ್ಕಂತೆ ಶಾಲೆ, ಆಸ್ಪತ್ರೆ ಕೊಡುವುದು ಆಳುವವರ ಋಣ.